ಚಿನ್ನ ಹೋಯ್ತು, ಧೂಳು ಉಳೀತು

ಕೆಜಿಎಫ್ ಅಂದ್ರೆ ಈಗಿನವರಿಗೆ ಸಿನಿಮಾ. ನನಗೆ ನೆನಪಾಗೋದು ಕೆಮ್ಮು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಇಳಿಸಿದ್ದು ಯಾರನ್ನ? ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರನ್ನ, ಬಹುಪಾಲು ನಮ್ಮ ದಲಿತರನ್ನ. ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನ ಕೊರೆದಾಗ ಏಳೋ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಬರೋದೇ ಸಿಲಿಕೋಸಿಸ್. ಅದು ಔಷಧಿಯಿಂದ ವಾಸಿಯಾಗಲ್ಲ.

1940ರಲ್ಲಿ ಮೈಸೂರು ಸಂಸ್ಥಾನ ಈ ಕಾಯಿಲೆಗೆ ಪರಿಹಾರದ ನಿಯಮ ತಂದಿತು. ಅದೇ ದಶಕದ ತಪಾಸಣೆಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಕಾರ್ಮಿಕರ ಎದೆಯಲ್ಲಿ ರೋಗ ಕಾಣಿಸ್ತು. ಆದರೆ ಈ ರೋಗ ಬಹಳ ಸಲ ಹತ್ತಿಪ್ಪತ್ತು ವರ್ಷ ತಡವಾಗಿ ಬರುತ್ತೆ. ಅಷ್ಟರಲ್ಲಿ ಕೆಲಸ ಬಿಟ್ಟಿರ್ತಾರೆ. ಚೀಟಿಯಲ್ಲಿ 'ಟಿಬಿ' ಅಂತ ಬರೆದರೆ ಪರಿಹಾರವೂ ಇಲ್ಲ. ಗುಮಾಸ್ತನಾದ ನನಗೆ ಗೊತ್ತು: ಕಾಗದ ಇಲ್ಲದವನ ಕಾಯಿಲೆ ಕಚೇರಿ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ.

2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಧೂಳು ಎದೆಗಳಲ್ಲೇ ಉಳೀತು.

2019ರಲ್ಲಿ ರಾಜಸ್ಥಾನ ಸರ್ಕಾರ, ಸಿಲಿಕೋಸಿಸ್ ಪ್ರಮಾಣಪತ್ರ ಸಿಕ್ಕವರಿಗೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ಕೊಡೋ ನೀತಿ ತಂದಿತು. ಕೆಜಿಎಫ್‌ನ ಮುದುಕರಿಗೆ, ವಿಧವೆಯರಿಗೆ ನಾವು ಕೇಳೋದೂ ಅಷ್ಟೇ: ಕ್ಯಾಂಪ್ ಹಾಕಿ, ಎಕ್ಸ್‌ರೇ ತೆಗೀರಿ, ಪ್ರಮಾಣಪತ್ರ ಕೊಡಿ, ಪರಿಹಾರ ಕೊಡಿ. ಇದು ಭಿಕ್ಷೆ ಅಲ್ಲ, ಬಾಕಿ ಕೂಲಿ.

ಜೈ ಭೀಮ್.