ಸೇಂಟ್ ಮೇರೀಸ್ ದ್ವೀಪದ ಕಂಬ: 1498ರ ಒಂದು ಘಟನೆಯ ಕಾಲವಿಚಾರ

ಮಲ್ಪೆಯ ಕಡಲತೀರದಿಂದ ಸುಮಾರು ಆರು ಕಿಲೋಮೀಟರ್ ಪಡುವಣಕ್ಕೆ ತೆಂಕು–ಬಡಗಾಗಿ ಸಾಲುಗಟ್ಟಿ ನಿಂತ ಬಂಡೆದ್ವೀಪಗಳನ್ನು ತೋನ್ಸೆಪಾರ್ ಎಂದೂ ಸೇಂಟ್ ಮೇರೀಸ್ ಎಂದೂ ಕರೆಯುತ್ತಾರೆ. ಇಲ್ಲಿ ಜನವಸತಿಯಿಲ್ಲ. ಇವುಗಳ ಇತಿಹಾಸವನ್ನು ಹೇಳುವಾಗ ಪ್ರವಾಸಿ ಕೈಪಿಡಿಗಳೂ ಪತ್ರಿಕಾ ಬರಹಗಳೂ ಒಂದು ಮಾತನ್ನು ತಪ್ಪದೆ ಬರೆಯುತ್ತವೆ: ವಾಸ್ಕೋ ಡ ಗಾಮ 1498ರಲ್ಲಿ ಭಾರತಕ್ಕೆ ಬರುವ ದಾರಿಯಲ್ಲಿ ಮೊದಲು ಇಲ್ಲಿಳಿದು, ಶಿಲುಬೆ ನೆಟ್ಟು, ಅನಂತರ ಕಲ್ಲಿಕೋಟೆಗೆ ಹೋದ ಎಂದು. ವರ್ಷ ಸರಿ, ವ್ಯಕ್ತಿ ಸರಿ, ಸ್ಥಳವೂ ಬಹುಮಟ್ಟಿಗೆ ಸರಿ. ಅನುಕ್ರಮ ಮಾತ್ರ ತಲೆಕೆಳಗಾಗಿದೆ. ಗಾಮನ ಜನ ಇಲ್ಲಿ ಶಿಲುಬೆ ಹೊತ್ತ ಕಲ್ಲುಕಂಬವನ್ನು ನೆಟ್ಟದ್ದು ಕಲ್ಲಿಕೋಟೆಯಿಂದ ಹಿಂದಿರುಗುವಾಗ. ಇದನ್ನು ತಾರೀಖಿನ ಸಣ್ಣ ತಿದ್ದುಪಡಿ ಎಂದು ಬದಿಗಿಡಲಾಗದು. ಆ ಕಂಬ ಜನರಿಲ್ಲದ ಬಂಡೆಯ ಮೇಲೆ ಏಕೆ ನಿಂತಿತು ಎಂಬುದು ಅರ್ಥವಾಗಬೇಕಾದರೆ ಘಟನೆ ಅದರ ನಿಜವಾದ ಜಾಗದಲ್ಲಿರಬೇಕು.

ಈ ವಿಷಯದಲ್ಲಿ ನಮಗಿರುವ ಅತ್ಯಂತ ಹತ್ತಿರದ ಸಾಕ್ಷಿ ಆ ಯಾನದಲ್ಲೇ ಇದ್ದವನೊಬ್ಬ ಬರೆದ ದಿನಚರಿ. ಅದನ್ನು ಸಾಮಾನ್ಯವಾಗಿ ಆಲ್ವಾರೊ ವೆಲ್ಯೊ ಎಂಬವನ ಹೆಸರಿಗೆ ಹಚ್ಚುತ್ತಾರಾದರೂ ಕರ್ತೃತ್ವ ನಿಸ್ಸಂದೇಹವಾಗಿ ಸಿದ್ಧವಾಗಿಲ್ಲ. ಉಳಿದಿರುವ ಪ್ರತಿ ಪೋರ್ಚುಗಲ್ಲಿನ ಪೋರ್ಟೊ ನಗರದ ಗ್ರಂಥಾಲಯದಲ್ಲಿದೆ. ಅದು ಮೊದಲು ಅಚ್ಚಾದದ್ದು 1838ರಲ್ಲಿ. ಹಕ್ಲುಯ್ಟ್ ಸೊಸೈಟಿಗಾಗಿ ರೇವನ್‌ಸ್ಟೈನ್ ಮಾಡಿದ ಇಂಗ್ಲಿಷ್ ಅನುವಾದ ಹೊರಬಂದದ್ದು 1898ರಲ್ಲಿ. ಹಡಗುಗಳು 1498ರ ಏಪ್ರಿಲ್ 24ರಂದು ಆಫ್ರಿಕದ ಮಾಲಿಂದಿಯಿಂದ ಅಲ್ಲಿ ದೊರೆತ ಮಾರ್ಗದರ್ಶಿಯೊಬ್ಬನನ್ನು ಕರೆದುಕೊಂಡು ಹೊರಟವು. ಮೇ 17ರಂದು ಎತ್ತರದ ಬೆಟ್ಟಗಳು ಕಂಡವು, ಮರುದಿನ ಮಳೆ–ಗುಡುಗುಗಳ ನಡುವೆ ದಡ ಯಾವುದೆಂದು ಗೊತ್ತಾಗಲಿಲ್ಲ, 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಬಿತ್ತು. ಈ ನಾಲ್ಕು ದಿನಗಳ ವಿವರದಲ್ಲಿ ದ್ವೀಪದ ಮಾತಿಲ್ಲ, ದೋಣಿ ಇಳಿಸಿದ ಮಾತಿಲ್ಲ, ಕಂಬದ ಮಾತಿಲ್ಲ. ದ್ವೀಪ ಬರುವುದು ನಾಲ್ಕು ತಿಂಗಳ ಬಳಿಕ. ಆಗಸ್ಟ್ 29ರಂದು ಕಲ್ಲಿಕೋಟೆ ಬಿಟ್ಟ ಹಡಗುಗಳು ದುರ್ಬಲ ಗಾಳಿಯಲ್ಲಿ ಕರಾವಳಿಗುಂಟ ಬಡಗಣಕ್ಕೆ ತೆವಳುತ್ತ ಸೆಪ್ಟೆಂಬರ್ 15ರ ಶನಿವಾರ ದಡದಿಂದ ಎರಡು ಹರದಾರಿ ದೂರದ ಕೆಲವು ಕಿರುದ್ವೀಪಗಳ ಬಳಿಗೆ ಬಂದವು. ಅಲ್ಲಿ ದೋಣಿ ಇಳಿಸಿ ಒಂದು ದ್ವೀಪದ ಮೇಲೆ ಕಂಬ ನೆಟ್ಟರು. ಅದೇ ರಾತ್ರಿ ನೆಲಗಾಳಿ ಹಿಡಿದು ಮುಂದೆ ಸಾಗಿ, 20ರ ಗುರುವಾರ ಇಂದಿನ ಕಾರವಾರದ ಬಳಿಯ ಅಂಜದೀವ್ ದ್ವೀಪವನ್ನು ತಲುಪಿದರು.

ದಿನಚರಿಕಾರ ಬರುವಾಗಿನ ನಿಲುಗಡೆಯೊಂದನ್ನು ಬರೆಯದೆ ಬಿಟ್ಟಿರಬಹುದಲ್ಲ ಎಂಬ ಆಕ್ಷೇಪ ಸಹಜವೇ. ಆದರೆ ಕಂಬಗಳ ವಿಷಯದಲ್ಲಿ ಅವನು ಅಲಕ್ಷ್ಯ ಮಾಡಿದವನಲ್ಲ. ರಾಜನ ಆಜ್ಞೆಯಂತೆ ಮೂರು ಕಂಬಗಳಿಗೆ ಸೇಂಟ್ ರಾಫೆಲ್, ಸೇಂಟ್ ಗೇಬ್ರಿಯಲ್, ಸಾಂತಾ ಮರಿಯಾ ಎಂಬ ಹೆಸರುಗಳು ಗೊತ್ತಾಗಿದ್ದವೆಂದೂ, ಮೊದಲನೆಯದು ಮೊಜಾಂಬಿಕ್ ಕರಾವಳಿಯ ಒಂದು ನದಿಯ ಬಳಿ, ಎರಡನೆಯದು ಕಲ್ಲಿಕೋಟೆಯಲ್ಲಿ, ಕೊನೆಯದು ಈ ದ್ವೀಪದಲ್ಲಿ ಆಯಿತೆಂದೂ ಅವನೇ ಲೆಕ್ಕ ಒಪ್ಪಿಸುತ್ತಾನೆ. ಸಾಂತಾ ಮರಿಯಾ ಮೂರರಲ್ಲಿ ಕೊನೆಯದು, ಕಲ್ಲಿಕೋಟೆಯದರ ನಂತರದ್ದು. ಇಷ್ಟು ಖಚಿತವಾಗಿ ಲೆಕ್ಕ ಇಟ್ಟವನು ಇಡೀ ಯಾನದ ಮೊದಲ ಭಾರತೀಯ ನೆಲಸ್ಪರ್ಶವನ್ನೇ ಮರೆತ ಎಂದು ಒಪ್ಪುವುದು ಕಷ್ಟ.

ದಿನಚರಿಯ ಮಾತಿಗೆ ಹೊರಗಿನಿಂದಲೂ ಒಂದು ಬೆಂಬಲವಿದೆ. ಅದು ಕರಾವಳಿಯ ಕಡಲೇ ಕೊಡುವ ಬೆಂಬಲ. ಅಂದಿನ ಜೂಲಿಯನ್ ಪಂಚಾಂಗ ಇಂದಿನದಕ್ಕಿಂತ ಒಂಬತ್ತು ದಿನ ಹಿಂದಿತ್ತು. ಹಾಗಾಗಿ ಅವರ ಮೇ 17 ನಮ್ಮ ಮೇ 26, ಸೆಪ್ಟೆಂಬರ್ 15 ನಮ್ಮ ಸೆಪ್ಟೆಂಬರ್ 24. ಮೇ ಕೊನೆಯ ವಾರದಲ್ಲಿ ತುಳುನಾಡಿನ ಕಡಲು ಮುಂಗಾರಿಗೆ ಏಳತೊಡಗಿರುತ್ತದೆ. ದಿನಚರಿಯ ಮಳೆ–ಗುಡುಗುಗಳೂ ಅದನ್ನೇ ಹೇಳುತ್ತವೆ. ಅಂಥ ನೀರಿನಲ್ಲಿ, ಸುತ್ತಲೂ ಬಂಡೆ ಚುಚ್ಚಿ ನಿಂತ ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಭಾರವಾದ ಕಲ್ಲುಕಂಬವನ್ನು ಒಯ್ದು ಇಳಿಸುವುದು ಯಾವ ನಾವಿಕನೂ ಇಷ್ಟಪಟ್ಟು ಮಾಡುವ ಕೆಲಸವಲ್ಲ. ಇವತ್ತಿಗೂ ಮಳೆಗಾಲದಲ್ಲಿ ಮಲ್ಪೆಯಿಂದ ದ್ವೀಪಕ್ಕೆ ಪ್ರವಾಸಿ ದೋಣಿ ಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಚಿತ್ರವೇ ಬೇರೆ: ಮಳೆಯ ಬಿರುಸು ಇಳಿದಿರುತ್ತದೆ, ನೂಲ ಹುಣ್ಣಿಮೆಯ ಸಮುದ್ರಪೂಜೆ ಮುಗಿಸಿ ಮೊಗವೀರ ಮೀನುಗಾರರು ಕಡಲಿಗಿಳಿದಿರುತ್ತಾರೆ, ರಾತ್ರಿ ನೆಲದ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ದಿನಚರಿ ವರ್ಣಿಸುವುದು ಇದನ್ನೇ. ಮಂದ ಗಾಳಿ, ರಾತ್ರಿಯ ನೆಲಗಾಳಿ, ಮೀನು ಹೊತ್ತು ಹಡಗಿನ ಬಳಿಗೆ ಬಂದ ಅನೇಕ ದೋಣಿಗಳು: ಈ ಮೂರೂ ಮಳೆಗಾಲ ಕಳೆದ ಕಡಲಿನ ಲಕ್ಷಣಗಳು.

ಆ ದ್ವೀಪಗಳು ಮಲ್ಪೆಯವೇ ಎಂಬುದಕ್ಕೆ ಏನು ಆಧಾರ ಎಂಬ ಪ್ರಶ್ನೆ ಇನ್ನೂ ಗಂಭೀರ. ಪೋರ್ಚುಗೀಸರ ಹರದಾರಿ ಸುಮಾರು ಆರು ಕಿಲೋಮೀಟರಿನದು. ಎರಡು ಹರದಾರಿ ಎಂದರೆ ಹನ್ನೆರಡು ಕಿಲೋಮೀಟರ್ ಆಗುತ್ತದೆ, ಆದರೆ ಮಲ್ಪೆಯ ದ್ವೀಪಗಳಿರುವುದು ಅದರ ಅರ್ಧ ದೂರದಲ್ಲಿ. ಈ ವ್ಯತ್ಯಾಸವನ್ನು ಮುಚ್ಚಿಡಬೇಕಾಗಿಲ್ಲ. ಹಡಗಿನ ಮೇಲಿಂದ ಕಣ್ಣಳತೆಯಲ್ಲಿ ಹೇಳಿದ ದೂರ ಅದು. ಮಲ್ಪೆಯ ಸುತ್ತಿನ ದಡವಾದರೋ ತಗ್ಗು, ಅದರ ಹಿಂದೆ ಘಟ್ಟಗಳು ದೂರಕ್ಕೆ ಸರಿದಿವೆ. ಇಂಥ ಕಡೆ ದೂರ ಹೆಚ್ಚೆನಿಸುವುದು ಸಹಜ. ಪರ್ಯಾಯಗಳನ್ನು ನೋಡಿದರೆ ಅವು ಇನ್ನೂ ದುರ್ಬಲ. ಮುರುಡೇಶ್ವರದ ಎದುರಿನ ನೇತ್ರಾಣಿ ಒಂಟಿ ಗುಡ್ಡ, ದಡದಿಂದ ಹತ್ತೊಂಬತ್ತು ಕಿಲೋಮೀಟರಿನಷ್ಟು ದೂರ. ದಿನಚರಿ ಹೇಳುವುದು ಬಹುವಚನದ ಕಿರುದ್ವೀಪಗಳನ್ನು. ಹೊನ್ನಾವರದ ಬಳಿಯ ಬಸವರಾಜದುರ್ಗ ದಡಕ್ಕೆ ತೀರ ಹತ್ತಿರ, ಅದೂ ಒಂದೇ. ಮಂಗಳೂರಿನಿಂದ ಅಂಜದೀವ್‌ವರೆಗಿನ ಕರಾವಳಿಯಲ್ಲಿ ಹಡಗಿನವರ ಕಣ್ಣಿಗೆ ಗುಂಪಾಗಿ ಬೀಳುವ ಹೊರಕಡಲಿನ ದ್ವೀಪಸಾಲೆಂದರೆ ಮುಖ್ಯವಾಗಿ ಇದೇ. ಮಲ್ಪೆಯಿಂದ ಅಂಜದೀವ್‌ಗೆ ನೂರೈವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲು; ಮಂದ ಗಾಳಿಯಲ್ಲಿ ಐದು ದಿನಕ್ಕೆ ಹೊಂದುವ ದೂರ. ಇದರ ಜೊತೆಗೆ ಆ ಕಂಬದ ಹೆಸರು ದ್ವೀಪಕ್ಕೂ ಅಂಟಿಕೊಂಡು ನಕ್ಷೆಗಳಲ್ಲಿ ಉಳಿದುಬಂದಿದೆ. ಹೆಸರೊಂದನ್ನೇ ನೆಚ್ಚಿ ಗುರುತಿಸಿದ್ದರೆ ಅನುಮಾನಕ್ಕೆ ಎಡೆಯಿತ್ತು. ದೂರ, ದಿನ, ದ್ವೀಪಗಳ ರೂಪ ಇವು ಒಟ್ಟಿಗೆ ಅದೇ ಕಡೆ ತೋರಿಸುವುದರಿಂದ ಗುರುತು ನಿಲ್ಲುತ್ತದೆ.

ಇನ್ನೊಂದು ಆಕ್ಷೇಪ ಮೌನದ ಮೇಲೆ ನಿಂತದ್ದು. ಈ ದ್ವೀಪಗಳು ಇಂದು ಪ್ರಸಿದ್ಧವಾಗಿರುವುದು ಐದು, ಆರು, ಏಳು ಮುಖಗಳ ಕಲ್ಲುಕಂಬಗಳಿಗಾಗಿ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಒಂಬತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿ, ಉಕ್ಕಿದ ಶಿಲಾರಸ ತಣಿದು ಕುಗ್ಗುತ್ತ ಸೀಳಿದ್ದರಿಂದ ಆದ ಕಂಬಗಳಿವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಷ್ಟು ಅಚ್ಚರಿಯ ಬಂಡೆಗಳನ್ನು ಕಂಡೂ ದಿನಚರಿಕಾರ ಒಂದಕ್ಷರ ಬರೆಯಲಿಲ್ಲವೇಕೆ? ಬಂಡೆಯಲ್ಲಿ ಕುತೂಹಲ ಕಾಣುವ ಕಣ್ಣು ಭೂವಿಜ್ಞಾನ ಬೆಳೆದ ಮೇಲಿನದು. ಅವನು ಹುಡುಕುತ್ತಿದ್ದದ್ದು ಮೆಣಸು, ಶುಂಠಿ, ಸಿಹಿನೀರು, ಕ್ರೈಸ್ತರು. ಅವನು ಸ್ವತಃ ದ್ವೀಪಕ್ಕೆ ಇಳಿದನೆಂದೂ ಹೇಳಿಲ್ಲ; ಹೋದದ್ದು ಒಂದು ದೋಣಿ. ಅದು ಸಾಲಿನ ಯಾವ ದ್ವೀಪಕ್ಕೆ ಹೋಯಿತೆಂಬುದೂ ಆ ಬರಹದಿಂದ ತಿಳಿಯುವುದಿಲ್ಲ. ಕಲ್ಲುಕಂಬಗಳ ದ್ವೀಪದಲ್ಲೇ ಗಾಮನ ಕಂಬವೂ ಇತ್ತೆಂದು ಇಂದಿನ ಬರಹಗಳು ಹೇಳುವುದು ಊಹೆ.

ಅನುಕ್ರಮವನ್ನು ಸರಿಪಡಿಸಿದೊಡನೆ ಘಟನೆಯ ಅರ್ಥವೂ ಬದಲಾಗುತ್ತದೆ. ಬರುವಾಗಿನ ಗಾಮ ಭರವಸೆ ತುಂಬಿದವನು. ಹೋಗುವಾಗಿನವನು ಕಲ್ಲಿಕೋಟೆಯ ದೊರೆ ಸಾಮೂತಿರಿಯ ಆಸ್ಥಾನದಲ್ಲಿ ಉಡುಗೊರೆಗಳ ಬಡತನಕ್ಕೆ ಅವಮಾನ ಉಂಡವನು, ಸುಂಕದ ಜಗಳದಲ್ಲಿ ಸಿಕ್ಕಿಬಿದ್ದವನು, ಕಲ್ಲಿಕೋಟೆಯ ಕೆಲವರನ್ನು ಬಲವಂತವಾಗಿ ಹಡಗಿನಲ್ಲಿ ಹಿಡಿದುಕೊಂಡು ಹೊರಟವನು. ದಡದಲ್ಲಿ ಯಾರು ಸ್ನೇಹಿತರು, ಯಾರು ಅಲ್ಲ ಎಂಬುದು ಅವನಿಗೆ ತಿಳಿಯದು. ಆದರೂ ರಾಜ ಹೆಸರಿಟ್ಟ ಮೂರು ಕಂಬಗಳಲ್ಲಿ ಒಂದು ಉಳಿದಿತ್ತು. ಅದನ್ನು ತೆರೆದ ಕಡಲಿಗೆ ಮುಖ ಮಾಡುವ ಮೊದಲು ಎಲ್ಲಾದರೂ ನಿಲ್ಲಿಸಬೇಕಿತ್ತು. ಆ ಕರಾವಳಿ ಅನಾಥ ನೆಲವಾಗಿರಲಿಲ್ಲ. ವಿಜಯನಗರದ ಬಾರಕೂರು ರಾಜ್ಯ ಅದು, ಅದರ ಅಧಿಕಾರಿಗಳ ಠಾಣ್ಯವಾದ ಬಾರಕೂರು ಈ ದ್ವೀಪಗಳಿಂದ ಬಹಳ ದೂರವಿಲ್ಲ. ಅನುಮತಿ ಕೇಳಬೇಕಾದ ದೊರೆಯ ಊರಿಗಿಂತ, ಯಾರೂ ವಾಸಿಸದ, ಕಾವಲಿಲ್ಲದ ಬಂಡೆ ಅವನಿಗೆ ಅನುಕೂಲ. ಜನವಸತಿ ಇಲ್ಲದಿರುವುದೇ ಈ ದ್ವೀಪವನ್ನು ಆಯ್ದುಕೊಂಡದ್ದಕ್ಕೆ ಮುಖ್ಯ ಕಾರಣ ಎಂಬುದು ಈ ಲೇಖನದ ನಿಲುವು.

ಇದಕ್ಕೆ ವಿರುದ್ಧವಾಗಿ ದಿನಚರಿಯ ಒಂದು ವಾಕ್ಯವನ್ನೇ ಎತ್ತಿ ತೋರಿಸಬಹುದು. ಮೀನು ತಂದವರಿಗೆ ನಾಯಕ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ; ಅವರು ಬಹಳ ಸಂತೋಷವೆಂದರು, ಇದರಿಂದ ನೀವೂ ನಮ್ಮಂತೆ ಕ್ರೈಸ್ತರೆಂಬುದು ದೃಢವಾಗುತ್ತದೆ ಎಂದರು ಎಂದು ಅಲ್ಲಿ ಬರೆದಿದೆ. ಹಾಗಾದರೆ ಸ್ಥಳೀಯರ ಒಪ್ಪಿಗೆ ಇತ್ತಲ್ಲ? ಮೀನು, ಅಂಗಿ, ಭಯವಿಲ್ಲದೆ ಹಡಗಿನ ಬಳಿಗೆ ಬಂದ ದೋಣಿಗಳು – ಇವನ್ನು ನಂಬಲು ಅಡ್ಡಿಯಿಲ್ಲ, ಅವು ಕಣ್ಣು ಕಂಡದ್ದು. ಉಳಿದದ್ದು ಕಿವಿ ಕೇಳಿದ್ದು, ಅದೂ ಭಾಷಾಂತರದ ಮೂಲಕ. ತುಳು ಆಡುವ ಮೀನುಗಾರರ ಮಾತು ಅರಬ್ಬಿ ಬಲ್ಲವರ ಅಥವಾ ಹಡಗಿನಲ್ಲಿದ್ದ ಮಲಯಾಳಿಗಳ ಬಾಯಿಂದ ಪೋರ್ಚುಗೀಸರ ಕಿವಿಗೆ ತಲುಪಬೇಕಿತ್ತು. ಅಲ್ಲದೆ ಇದೇ ದಿನಚರಿ ಕಲ್ಲಿಕೋಟೆಯ ದೇವಾಲಯವನ್ನು ಇಗರ್ಜಿಯೆಂದೂ ಅಲ್ಲಿನ ಮೂರ್ತಿಯನ್ನು ಕನ್ಯೆ ಮೇರಿಯೆಂದೂ ತಿಳಿದು ಬರೆದದ್ದು. ಎದುರಿದ್ದವರೆಲ್ಲ ಕ್ರೈಸ್ತರೆಂದು ಮೊದಲೇ ನಿಶ್ಚಯಿಸಿಕೊಂಡವನು ಮೊಗವೀರರ ಬಾಯಲ್ಲಿ ಅದನ್ನೇ ಕೇಳಿಸಿಕೊಂಡ. ಒಪ್ಪಿಗೆಯೆಂದು ಅವನು ಬರೆದದ್ದು ಅವನ ನಂಬಿಕೆಗೆ ಸಾಕ್ಷಿ, ಮೀನುಗಾರರ ಇಂಗಿತಕ್ಕಲ್ಲ. ಹಿಂದಿನ ಡಿಸೆಂಬರಿನಲ್ಲಿ ಆಫ್ರಿಕದ ದಕ್ಷಿಣ ತೀರದಲ್ಲಿ ನೆಟ್ಟ ಕಂಬ ಮತ್ತು ಶಿಲುಬೆಯನ್ನು ಅಲ್ಲಿನ ಜನ ಹಡಗುಗಳು ಹೊರಡುತ್ತಿದ್ದಂತೆಯೇ ಕೆಡವಿದ್ದನ್ನು ಇದೇ ಲೇಖಕ ದಾಖಲಿಸಿದ್ದಾನೆ. ಜನರ ನಡುವೆ ನೆಟ್ಟ ಕಂಬಕ್ಕೆ ಏನಾಗಬಹುದೆಂದು ಈ ತಂಡಕ್ಕೆ ಚೆನ್ನಾಗಿ ಗೊತ್ತಿತ್ತು.

ನಿಜವಾಗಿ ಆ ಬರಹದಲ್ಲಿ ನಮಗೆ ಅಮೂಲ್ಯವಾದದ್ದು ಕಂಬಕ್ಕಿಂತ ಆ ದೋಣಿಗಳೇ. ಗಾಮ ಈ ದ್ವೀಪವನ್ನು ಕಂಡುಹಿಡಿದ ಎನ್ನುವ ಮಾತಿಗೆ ಅದೇ ದಾಖಲೆಯಲ್ಲಿ ಉತ್ತರವಿದೆ: ಅವನು ಬಂದಾಗ ಆ ನೀರಿನಲ್ಲಿ ಆಗಲೇ ದುಡಿಮೆ ನಡೆದಿತ್ತು, ಬಂಡೆಗಳ ಸುತ್ತಿನ ಮೀನು ಬಲ್ಲವರು ಅಲ್ಲಿದ್ದರು, ಅಪರಿಚಿತ ಹಡಗಿಗೆ ಮಾರಲು ಅವರ ಬಳಿ ಸರಕಿತ್ತು. ಐದು ಶತಮಾನಗಳ ಹಿಂದಿನ ತುಳುನಾಡಿನ ಮೀನುಗಾರರನ್ನು ಕಣ್ಣಾರೆ ಕಂಡು ಬರೆದ ಇಂಥ ಸಾಲುಗಳು ಎಷ್ಟು ಅಪರೂಪವೆಂಬುದು ಕರಾವಳಿಯ ಇತಿಹಾಸ ಓದುವವರಿಗೆಲ್ಲ ತಿಳಿದದ್ದೇ. ಅವನ್ನು ಬಿಟ್ಟು ಕಂಬದ ಕಥೆಯನ್ನಷ್ಟೇ ಉಳಿಸಿಕೊಂಡದ್ದು ನಮ್ಮ ಇತಿಹಾಸಲೇಖನದ ನಷ್ಟ.

ಆ ಕಂಬ ಇಂದು ದ್ವೀಪದಲ್ಲಿ ಇಲ್ಲ. ಅದು ಎಲ್ಲಿ ನಿಂತಿತ್ತೆಂಬ ಪ್ರಶ್ನೆಗೆ ಭೌತಿಕ ಸಾಕ್ಷಿ ದೊರೆಯುವ ದಾರಿ ಮಾತ್ರ ಮುಚ್ಚಿಲ್ಲ. ಪೋರ್ಚುಗೀಸರು ಇಂಥ ಕಂಬಗಳನ್ನು ತಮ್ಮ ನಾಡಿನ ಸುಣ್ಣಕಲ್ಲಿನಲ್ಲಿ ಕಡೆಸಿ ಹಡಗಿಗೇರಿಸಿ ತರುತ್ತಿದ್ದರು. ಮಾಲಿಂದಿಯಲ್ಲಿ ಉಳಿದಿರುವ ಶಿಲುಬೆ ಅಂಥದು. ಮಲ್ಪೆಯ ದ್ವೀಪಗಳದ್ದು ಶಿಲಾರಸದ ಕಲ್ಲು, ಎದುರಿನ ದಡದ್ದು ಮುರಕಲ್ಲು ಮತ್ತು ಗಟ್ಟಿ ಪದರುಶಿಲೆ. ತೀರದಲ್ಲಿ ರಾಶಿ ಬಿದ್ದಿರುವ ಚಿಪ್ಪಿನ ಚೂರುಗಳಲ್ಲಿ ಸುಣ್ಣವಿದ್ದರೂ ಕಡೆದ ಸುಣ್ಣಕಲ್ಲನ್ನು ಅವುಗಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಬಂಡೆಸಂದುಗಳಲ್ಲೋ ಸುತ್ತಲಿನ ಆಳವಿಲ್ಲದ ನೀರಿನಲ್ಲೋ ಅಂಗೈ ಅಗಲದ ಒಂದು ತುಂಡು ಸಿಕ್ಕರೂ ಅದರ ಮೂಲವನ್ನು ಪ್ರಯೋಗಾಲಯದಲ್ಲಿ ಹೇಳಬಹುದು, ಸಾಲಿನ ಯಾವ ದ್ವೀಪವೆಂಬ ಪ್ರಶ್ನೆಯೂ ಆಗ ತೀರುತ್ತದೆ.