ಹಳೆಯ ಮಾದರಿ ವಿಮಾನದ ಒಳಗಿನ ಇತಿಹಾಸ

ರೇಡಿಯೊ ಸಂಕೇತದಿಂದ ಹಾರಿಸುವ ಹಳೆಯ ಮಾದರಿ ವಿಮಾನವೊಂದು ನಿಮ್ಮ ಕೈಗೆ ಬಂದಿದೆ ಎನ್ನಿ. ಹೆಸರಿಲ್ಲ, ನಕ್ಷೆಯಿಲ್ಲ. ಅದು ಯಾವ ಕಾಲದ್ದು? ಬಣ್ಣವನ್ನು ನಂಬಬೇಡಿ. ಅದನ್ನು ಯಾರು ಯಾವಾಗ ಬೇಕಾದರೂ ಬಳಿದಿರಬಹುದು. ಒಡಲಿನೊಳಗಿರುವ ನಿಯಂತ್ರಣ ವ್ಯವಸ್ಥೆಯನ್ನು ನೋಡಿ.

ಅಮೆರಿಕದ ಕಲಮಜೂ ಪಟ್ಟಣದಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿ 'ಗಫ್' ಎಂಬ ಮಾದರಿಯನ್ನು ರೇಡಿಯೊ ಮೂಲಕ ಹಾರಿಸಿದರು. ವಾಲ್ಟರ್ ಮುಂದೆ ಭೌತವಿಜ್ಞಾನಿಯಾದರು. ಗಫ್ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. 1938ರಲ್ಲಿ ಆರ್‌ಕೆ-61 ಎಂಬ ಪುಟ್ಟ ಅನಿಲ ತುಂಬಿದ ವಾಲ್ವ್ ಮಾರುಕಟ್ಟೆಗೆ ಬಂತು. ಒಂದೇ ವಾಲ್ವಿನಿಂದ ಹಗುರವಾದ ಗ್ರಾಹಕವನ್ನು ಕಟ್ಟುವುದು ಸಾಧ್ಯವಾಯಿತು.

ಅಂಥ ಗ್ರಾಹಕದ ಜೊತೆ ತಿರುಚಿದ ರಬ್ಬರ್ ಪಟ್ಟಿ ಮತ್ತು ವಿದ್ಯುತ್ಕಾಂತ ಕಂಡರೆ ಅದು 'ಎಸ್ಕೇಪ್‌ಮೆಂಟ್'. ಗುಂಡಿ ಒತ್ತಿದರೆ ರಡ್ಡರ್ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಎರಡು ಸಲ ಬಲಕ್ಕೇ ತಿರುಗಬೇಕಾದರೆ ನಡುವೆ ಎಡವನ್ನು ದಾಟಲೇಬೇಕು! ಹಾರಿಸುವವನು ಎಣಿಕೆ ತಪ್ಪಿದನೋ, ವಿಮಾನ ಮರದ ಪಾಲು.

ಪುಟ್ಟ ಹಾರ್ಮೋನಿಯಂನಂತೆ ಸಾಲಾಗಿ ಉಕ್ಕಿನ ರೀಡ್‌ಗಳಿದ್ದರೆ ನಿಮ್ಮ ವಿಮಾನ ಬಹುಮಟ್ಟಿಗೆ 1950ರ ದಶಕದ್ದು ಅಥವಾ 60ರ ದಶಕದ ಆರಂಭದ್ದು. ತರಗತಿಯಲ್ಲಿ ಶ್ರುತಿಕವೆಯಿಂದ ತೋರಿಸುವ ಅನುರಣನೆಯೇ ಇಲ್ಲಿ ಕೆಲಸ ಮಾಡುತ್ತದೆ. ಪ್ರೇಷಕ ಕಳಿಸಿದ ಸ್ವರಕ್ಕೆ ಹೊಂದುವ ರೀಡ್ ಮಾತ್ರ ಜೋರಾಗಿ ಕಂಪಿಸಿ ತನ್ನ ಮಂಡಲವನ್ನು ಮುಚ್ಚುತ್ತದೆ. ಒಂದು ತುದಿಯನ್ನು ಬಿಗಿದ ರೀಡಿನ ಆವೃತ್ತಿ ಉದ್ದದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಉದ್ದ ಹತ್ತರಲ್ಲೊಂದು ಭಾಗ ಕಡಿಮೆಯಾದರೆ ಆವೃತ್ತಿ ಸುಮಾರು ಶೇಕಡ 23ರಷ್ಟು ಏರುತ್ತದೆ. ಈ ಹವ್ಯಾಸ ಕಂಡ ಅತ್ಯಂತ ಸುಂದರ ಉಪಾಯ ಇದೇ ಎಂದು ನನ್ನ ಎಣಿಕೆ.

1960ರ ದಶಕದಲ್ಲಿ ಅನುಪಾತೀಯ ನಿಯಂತ್ರಣ ಬಂತು. 1ರಿಂದ 2 ಮಿಲಿಸೆಕೆಂಡ್ ಅಗಲದ ಸ್ಪಂದ ಸರ್ವೊ ಮೋಟಾರಿನ ಸ್ಥಾನವನ್ನು ನಿರ್ಧರಿಸುತ್ತದೆ, 1.5 ಎಂದರೆ ನಡುಸ್ಥಾನ. ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಆದರೆ ಗ್ರಾಹಕವನ್ನು ನಡುವೆ ಯಾರೋ ಬದಲಿಸಿರಬಹುದು. ಆದ್ದರಿಂದ ಎಂಜಿನನ್ನೂ ವಿಚಾರಿಸಿ. ಕಿಡಿಗಾಗಿ ಕಾಯಿಲ್ ಇರುವ ಎಂಜಿನ್, 1947ರ ಕೊನೆಯಲ್ಲಿ ಗ್ಲೋ ಪ್ಲಗ್ ಮಾರಾಟಕ್ಕೆ ಬರುವ ಮುಂಚಿನದಿರುವ ಸಂಭವ ಹೆಚ್ಚು. ಹೊದಿಕೆ ರೇಷ್ಮೆಯೋ, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ಕೋ? ಎರಡನೆಯದು 1960ರ ದಶಕಕ್ಕಿಂತ ಹಿಂದಿನದಲ್ಲ.

ದುರಸ್ತಿಗೆ ಇಳಿದವರು ಮೊದಲು ಮಾಡುವ ಕೆಲಸವೆಂದರೆ ಇವನ್ನೆಲ್ಲ ಕಿತ್ತೆಸೆಯುವುದು. ಆಮೇಲೆ ವಯಸ್ಸು ಹೇಳುವ ಸಾಕ್ಷಿಯೇ ಉಳಿಯುವುದಿಲ್ಲ. ತೆಗೆಯುವ ಮುನ್ನ ಚಿತ್ರ ತೆಗೆದು, ಪ್ರತಿ ಭಾಗವನ್ನೂ ತೂಗಿ ಬರೆದಿಡಿ. ತೂಕ ಹಾರಾಟಕ್ಕೂ ಬೇಕು. ಮೂಗಿನಲ್ಲಿದ್ದ 300 ಗ್ರಾಂ ಬ್ಯಾಟರಿಯ ಬದಲು 100 ಗ್ರಾಂನದನ್ನು ಇಟ್ಟಿರೆನ್ನಿ. ಅದು ಗುರುತ್ವ ಕೇಂದ್ರಕ್ಕಿಂತ 25 ಸೆಂಮೀ ಮುಂದಿದ್ದು, ವಿಮಾನದ ಈಗಿನ ಒಟ್ಟು ತೂಕ 2000 ಗ್ರಾಂ ಆಗಿದ್ದರೆ, ಕೇಂದ್ರ 200×25÷2000, ಅಂದರೆ 2.5 ಸೆಂಮೀ ಹಿಂದಕ್ಕೆ ಸರಿಯುತ್ತದೆ. 25 ಸೆಂಮೀ ಅಗಲದ ರೆಕ್ಕೆಗೆ ಇದು ದೊಡ್ಡ ಪಲ್ಲಟ. ಮೂಗು ತುಸು ಮೇಲೆದ್ದರೂ ವಿಮಾನ ತಾನಾಗಿ ಸಮಸ್ಥಿತಿಗೆ ಮರಳದೆ ಹೋಗಬಹುದು. ನಕ್ಷೆ ಸಿಗದಿದ್ದರೆ, ಮೂಗಿಗೆ ಸೀಸದ ತುಂಡು ಕಟ್ಟಿ ಕೇಂದ್ರವನ್ನು ರೆಕ್ಕೆಯ ಮುಂಚೂಣಿಯ ಅಂಚಿನಿಂದ ಅಗಲದ ಕಾಲು ಭಾಗದ ಹತ್ತಿರ ತಂದ ಮೇಲಷ್ಟೇ ಮೈದಾನಕ್ಕೆ ಒಯ್ಯಿರಿ.