ಎಲ್ಲಕ್ಕೂ ಆನೆಯೇ ಕಾರಣವೇ?

ಪಿಯುಸಿಯಲ್ಲಿ ಕತೆ, ಕಾದಂಬರಿಯ ಪಾಠವೆಂದರೆ ಪರೀಕ್ಷೆಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಮೂರೇ: ಸಾರಾಂಶ ಬರೆಯಿರಿ, ಪಾತ್ರ ಪರಿಚಯಿಸಿ, ಸ್ವಾರಸ್ಯ ವಿವರಿಸಿ. ಗೈಡುಗಳು ಖರ್ಚಾಗುವುದೂ ಇವನ್ನು ನಂಬಿಯೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಮನೆಮಾತಿನಲ್ಲಿ ‘ನವಲ’ ಎನ್ನುವುದನ್ನು ಅವರು ತರಗತಿಯಲ್ಲಿ ‘ಕಾದಂಬರಿ’ ಎಂದು ಕಲಿಯುತ್ತಾರೆ.

ಈ ಹೆಸರೇ ವಿಚಿತ್ರ. ಕಾದಂಬರಿ ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿ. ಅದನ್ನು ನಾಗವರ್ಮ ಚಂಪುವಾಗಿ ಕನ್ನಡಕ್ಕೆ ತಂದ. ಇಂಗ್ಲಿಷಿನ ನಾವೆಲ್ ಇಲ್ಲಿ ಬೇರೂರಿದಾಗ ಒಬ್ಬ ನಾಯಕಿಯ ಹೆಸರು ಇಡೀ ಪ್ರಕಾರಕ್ಕೆ ಅಂಟಿಕೊಂಡಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾದದ್ದು 1899ರಲ್ಲಿ. ಹೊಸ ಸರಕು ಬಂದಿತು, ಅಳೆಯುವ ಕೋಲು ಮಾತ್ರ ಹಳೆಯದು. ಹತ್ತನೆಯ ಶತಮಾನದ ಧನಂಜಯ ನಾಟಕಕ್ಕೆಂದು ‘ದಶರೂಪಕ’ದಲ್ಲಿ ವಸ್ತು, ನೇತೃ, ರಸ ಎಂದು ವಿಂಗಡಿಸಿದ್ದ. ಅವನ ‘ವಸ್ತು’ ಕಥಾನಕ. ಇಂದಿನ ಮೇಷ್ಟರ ‘ವಸ್ತು’ ಕೆಲವೊಮ್ಮೆ ಕಥಾನಕ, ಕೆಲವೊಮ್ಮೆ ಕೃತಿಯ ಆಶಯ. ವಿದ್ಯಾರ್ಥಿ ತಬ್ಬಿಬ್ಬಾದರೆ ತಪ್ಪು ಅವನದಲ್ಲ.

ಈ ಗೊಂದಲ ಬಿಡಿಸಲು ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ 1927ರಲ್ಲಿ ಮಾಡಿದ ಉಪನ್ಯಾಸಗಳು ನೆರವಾಗುತ್ತವೆ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಅದು ಬರೀ ಕತೆ. ಆ ದುಃಖದಿಂದಲೇ ರಾಣಿ ಸತ್ತಳು ಎಂದರೆ ಅದು ಕಥಾನಕ. ‘ಆಮೇಲೇನಾಯಿತು’ ಎಂಬ ಕುತೂಹಲ ‘ಏಕಾಯಿತು’ ಎಂಬ ಪ್ರಶ್ನೆಯಾಗಿ ಬದಲಾಗಬೇಕು. ಸಾರಾಂಶ ಬರೆಸುವ ಪಾಠ ಮೊದಲನೆಯದರಲ್ಲೇ ನಿಂತುಬಿಡುತ್ತದೆ.

ಈ ‘ಏಕೆ’ಯನ್ನು ಕಲಿಸಲು ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಗಿಂತ ಒಳ್ಳೆಯ ಪಠ್ಯ ಸಿಕ್ಕುವುದು ಕಷ್ಟ. 1991ರ ‘ಕಿರಗೂರಿನ ಗಯ್ಯಾಳಿಗಳು’ ಸಂಕಲನದ ಈ ನೀಳ್ಗತೆ 2010ರ ದಶಕದಲ್ಲಿ ದ್ವಿತೀಯ ಪಿಯುಸಿಗೆ ದೀರ್ಘಗದ್ಯವಾಗಿ ಬಂದಿತು. ಮಠದ ಆನೆ ಗೌರಿ ಕೃಷ್ಣೇಗೌಡನ ಪಾಲಾಗುತ್ತದೆ. ಊರಿನ ಅಧ್ವಾನಗಳೆಲ್ಲಕ್ಕೂ ಆನೆಯೇ ಕಾರಣವೆಂಬ ಮಾತು ಹುಟ್ಟುತ್ತದೆ. ಅರಣ್ಯ ಇಲಾಖೆಗೂ ಲೈನ್‌ಮನ್‌ಗಳಿಗೂ ಮರ ಕಡಿಯುವ ವಿಷಯದಲ್ಲಿ ಜಟಾಪಟಿ. ಇದನ್ನೆಲ್ಲ ಹೇಳುವವನು ‘ನಾನು’. ಅವನು ಕಣ್ಣಾರೆ ಕಂಡದ್ದೆಷ್ಟು, ಕೇಳಿ ಹೇಳುತ್ತಿರುವುದೆಷ್ಟು? ನಿರೂಪಕ ಎಂಬ ಪಾರಿಭಾಷಿಕ ಪದವನ್ನು ಬಾಯಿಪಾಠ ಮಾಡಿಸುವ ಬದಲು ಇಷ್ಟು ಕೇಳಿದರೆ ಸಾಕು. ಮಲೆನಾಡಿನ ಹಿನ್ನೆಲೆ ಈ ಬಯಲುಸೀಮೆಯವರಿಗೆ ಅಪರಿಚಿತವೇನೋ ನಿಜ. ಇಲಾಖೆಗಳು ಒಂದರ ಮೇಲೊಂದು ಹೊಣೆ ಜಾರಿಸುವುದಂತೂ ಎಲ್ಲರಿಗೂ ಪರಿಚಿತ.

ಕಾರಣ ಕೇಳುವುದು ಈ ನೆಲಕ್ಕೆ ಹೊಸದೂ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ನೇಮಿಸಿ ಸುದ್ದಿಯಾದವರು. ಪವಾಡಕ್ಕೆ ಪುರಾವೆ ಕೇಳಿದ ಊರಿನವರು ಆನೆಯ ಮೇಲಿನ ಆರೋಪಕ್ಕೂ ಪುರಾವೆ ಕೇಳಬಹುದಲ್ಲ!

ಹಾಗೆ ಕೇಳುತ್ತ ಹೋದವರಿಗೆ ಫಾರೆಸ್ಟರ್ ನಾಗರಾಜ ಎದುರಾಗುತ್ತಾನೆ. ಅವನು ನಿಗೂಢವಾಗಿ ಕಣ್ಮರೆಯಾಗುತ್ತಾನೆ. ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ವಿವರಣೆ. ಇದಕ್ಕೆ ಕಾರಣಗಳನ್ನು ಪಟ್ಟಿ ಮಾಡಿ ಅಂಕ ಗಳಿಸಬಹುದು. ಯಾವ ಕಾರಣಕ್ಕೆ ಕತೆಯಲ್ಲಿ ಆಧಾರವಿದೆ, ಯಾವುದು ಬರೀ ಊರಿನ ಮಾತು ಎಂದು ವಿಂಗಡಿಸಲು ಮಾತ್ರ ಪುಸ್ತಕವನ್ನು ಮತ್ತೊಮ್ಮೆ ತೆರೆಯಬೇಕು.